ಬೆಂಗಳೂರಿನಿಂದ ಬನಬಸಾ ದಾಟಿ ಊರಿಗೆ: ನಾವು ತಪ್ಪಾಗಿ ತಿಳಿದುಕೊಂಡದ್ದು

ನವರಾತ್ರಿ ಹತ್ತಿರವಾದಂತೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟುಗಳಲ್ಲಿ, ಹೋಟೆಲಿನ ಅಡುಗೆಮನೆಗಳಲ್ಲಿ, ಮೊಮೊ ಗಾಡಿಗಳ ಹಿಂದೆ ಪರಿಚಿತ ಮುಖಗಳು ಒಂದೊಂದಾಗಿ ಕಾಣೆಯಾಗುತ್ತವೆ. ವಿಚಾರಿಸಿದರೆ ಊರಿಗೆ ಹೋದರು ಎನ್ನುತ್ತಾರೆ. ಊರೆಂದರೆ ನೇಪಾಳ. ನಮ್ಮ ವಿಚಾರಣೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಅವರು ಹೊರಟದ್ದು ಎರಡು ಸಾವಿರ ಕಿಲೋಮೀಟರಿಗೂ ಮೀರಿದ ದಾರಿಗೆ. ನಡುವೆ ಒಂದು ಅಂತರರಾಷ್ಟ್ರೀಯ ಗಡಿಯಿದೆ. ಗಡಿಯಾಚೆ ಮತ್ತಷ್ಟು ರಸ್ತೆಯಿದೆ. ಆ ದಾರಿಯ ಬಗ್ಗೆ ನಮಗೆ ಗೊತ್ತಿರುವುದು ಕಡಿಮೆ, ಗೊತ್ತಿದೆ ಎಂದುಕೊಂಡಿರುವುದು ಬಹಳ. ಹೀಗೆ ಅಂದುಕೊಂಡದ್ದರ ಆಧಾರದ ಮೇಲೆಯೇ ನಾವು ರಜೆ ಕೊಡುತ್ತೇವೆ, ಸಂಬಳ ಕೊಡುತ್ತೇವೆ, ಅನುಮಾನವನ್ನೂ ಪಡುತ್ತೇವೆ. ಆದ್ದರಿಂದ ಒಂದೊಂದನ್ನೇ ಬಿಡಿಸಿ ನೋಡಬೇಕಾಗಿದೆ.

ತಪ್ಪು ಕಲ್ಪನೆ: ನೇಪಾಳ ಬೇರೆ ದೇಶ. ಅಲ್ಲಿಯವರು ಇಲ್ಲಿ ದುಡಿಯಲು ವೀಸಾ ಬೇಕು, ಮರಳುವಾಗ ಪಾಸ್‌ಪೋರ್ಟಿಗೆ ಮುದ್ರೆ ಬೀಳಬೇಕು. ಅವಿಲ್ಲದೆ ಓಡಾಡುವವರು ಕಳ್ಳದಾರಿಯಲ್ಲಿ ಬಂದವರು.

ವಾಸ್ತವ: 1950ರ ಜುಲೈ 31ರಂದು ಕಠ್ಮಂಡುವಿನಲ್ಲಿ ಭಾರತ ಮತ್ತು ನೇಪಾಳ ಶಾಂತಿ ಮತ್ತು ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿದವು. ಅದರ 7ನೇ ವಿಧಿಯ ಪ್ರಕಾರ ಒಂದು ದೇಶದ ಪ್ರಜೆ ಇನ್ನೊಂದು ದೇಶದಲ್ಲಿ ವಾಸಿಸಬಹುದು, ಆಸ್ತಿ ಹೊಂದಬಹುದು, ವ್ಯಾಪಾರ ಮಾಡಬಹುದು, ಓಡಾಡಬಹುದು. ಎರಡೂ ದೇಶಗಳು ಪರಸ್ಪರ ಕೊಟ್ಟುಕೊಂಡ ಹಕ್ಕು ಇದು. ನೆಲದ ಮೇಲಿನ ಗಡಿಯನ್ನು ದಾಟಲು ಇಬ್ಬರಿಗೂ ವೀಸಾ ಬೇಡ, ಪಾಸ್‌ಪೋರ್ಟ್ ಕಡ್ಡಾಯವಲ್ಲ. ಕಠ್ಮಂಡುವಿನ ಪಶುಪತಿನಾಥನಿಗೆ ಪೂಜೆ ಸಲ್ಲಿಸುವ ಭಟ್ಟರಲ್ಲಿ ಕರ್ನಾಟಕದಿಂದ ಹೋದವರೂ ಇದ್ದಾರೆ. ಅವರು ರಜೆಗೆ ಊರಿಗೆ ಬಂದರೆ ನಾವು ಯಾವ ವೀಸಾವನ್ನೂ ಕೇಳುವುದಿಲ್ಲ. ನಮ್ಮ ಗೇಟಿನ ಕಾವಲುಗಾರ ತನ್ನ ಊರಿಗೆ ಹೊರಡುವುದೂ ಇದೇ ಲೆಕ್ಕದಲ್ಲಿ.

ಇದನ್ನು ತಿಳಿದವರಲ್ಲಿ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಗಡಿ ತೆರೆದಿದೆ, ಆದ್ದರಿಂದ ಯಾವ ಕಾಗದವೂ ಬೇಡ ಎನ್ನುತ್ತಾರೆ. ಅದೂ ಸರಿಯಲ್ಲ. 1,751 ಕಿ.ಮೀ. ಉದ್ದದ ಈ ಗಡಿಯಲ್ಲಿ ಭಾರತದ ಕಡೆ ಸಶಸ್ತ್ರ ಸೀಮಾ ಬಲ 2001ರಿಂದ ಕಾವಲಿದೆ, ಆಚೆ ನೇಪಾಳದ ಸಶಸ್ತ್ರ ಪ್ರಹರಿ ಬಲವಿದೆ. ಇಬ್ಬರೂ ಗುರುತಿನ ದಾಖಲೆ ಕೇಳಬಹುದು, ಚೀಲ ಬಿಚ್ಚಿಸಬಹುದು. ಮನೆಗೆ ಮರಳುವ ನೇಪಾಳಿಗೆ ಅಲ್ಲಿ ಕೆಲಸಕ್ಕೆ ಬರುವುದು ನಾಗರಿಕತಾ ಪ್ರಮಾಣಪತ್ರ, ಅಂದರೆ 16 ತುಂಬಿದ ಮೇಲೆ ಜಿಲ್ಲಾ ಆಡಳಿತ ಕಚೇರಿ ಕೊಡುವ ಕಾಗದ. ಬೆಂಗಳೂರಿನಲ್ಲಿ ಮಾಡಿಸಿಕೊಂಡ ಆಧಾರ್ ಅದರ ಬದಲಿಗೆ ನಿಲ್ಲುವುದಿಲ್ಲ. ಆಧಾರ್ ಇಲ್ಲಿ ವಾಸವಿರುವುದಕ್ಕೆ ಗುರುತೇ ಹೊರತು ಪೌರತ್ವಕ್ಕೆ ಸಾಕ್ಷಿಯಲ್ಲ.

ಆ ನಾಗರಿಕತಾ ಪತ್ರದಲ್ಲಿ ಜನ್ಮದಿನವಿರುವುದು ವಿಕ್ರಮ ಶಕೆಯಲ್ಲಿ. 2055ರ ವೈಶಾಖದಲ್ಲಿ ಹುಟ್ಟಿದವನು ನಮ್ಮ ಲೆಕ್ಕದಲ್ಲಿ 1998ರ ಏಪ್ರಿಲ್–ಮೇ ತಿಂಗಳಿನವನು. ಇಲ್ಲಿ ಅರ್ಜಿ ತುಂಬುವವರು ಅಂದಾಜಿನ ಮೇಲೆ ಯಾವುದೋ ಇಸವಿ ಬರೆದುಬಿಡುತ್ತಾರೆ. ಮುಂದೆ ಬ್ಯಾಂಕಿನಲ್ಲಿ ಒಂದು ದಿನಾಂಕ, ಸಿಮ್ ಕಾರ್ಡಿನಲ್ಲಿ ಇನ್ನೊಂದು, ಊರಿನ ಕಾಗದದಲ್ಲಿ ಮೂರನೆಯದು. ಸುಳ್ಳು ಹೇಳದವನೂ ಕೌಂಟರಿನ ಮುಂದೆ ಸುಳ್ಳುಗಾರನಂತೆ ನಿಲ್ಲಬೇಕಾಗುತ್ತದೆ. ಗಡಿಯ ಆಸುಪಾಸಿನ ದಲ್ಲಾಳಿಗಳಿಗೆ ಈ ಅಳುಕು ಚೆನ್ನಾಗಿ ಗೊತ್ತು. ಪಾಸ್ ಬೇಕು, ಸೀಲ್ ಬೇಕು ಎಂದು ಹೆದರಿಸಿ ಹಣ ಕೀಳುತ್ತಾರೆ. ಅಂಥ ಪಾಸೂ ಇಲ್ಲ, ಸೀಲೂ ಇಲ್ಲ.

ತಪ್ಪು ಕಲ್ಪನೆ: ಕಾವಲಿಗೆ ನಿಂತ ನೇಪಾಳಿಗಳೆಲ್ಲ ಗೂರ್ಖಾಗಳು. ಅವರ ಊರು ಕಠ್ಮಂಡುವಿನ ಆಸುಪಾಸು. ವಿಮಾನದಲ್ಲೋ ಬಸ್ಸಿನಲ್ಲೋ ಕಠ್ಮಂಡು ಸೇರಿದರೆ ಆಯಿತು.

ವಾಸ್ತವ: ಹಳೆಯ ಸಿನಿಮಾಗಳ ವಾಚ್‌ಮನ್ ಪಾತ್ರದಿಂದ ನಮ್ಮೆಲ್ಲರ ತಲೆಯಲ್ಲಿ ಕೂತ ಚಿತ್ರ ಇದು. ಸೈನ್ಯದ ಗೂರ್ಖಾ ರೆಜಿಮೆಂಟುಗಳಿಗೆ ಹೆಚ್ಚಾಗಿ ಆಯ್ಕೆಯಾದವರು ಮಗರ್, ಗುರುಂಗ್, ರಾಯ್, ಲಿಂಬು ಸಮುದಾಯದವರು. ನಮ್ಮ ನಗರಗಳಿಗೆ ದುಡಿಯಲು ಬರುವವರಲ್ಲಿ ಬಹಳ ಮಂದಿ ನೇಪಾಳದ ದೂರಪಶ್ಚಿಮದವರು. ಅಛಾಮ್, ಡೋಟಿ, ಬಝಾಂಗ್, ಬಾಜುರಾ, ಬೈತಡಿ, ಡಡೇಲ್‌ಧುರಾ, ಕೈಲಾಲಿ, ಇವು ಅವರ ಜಿಲ್ಲೆಗಳು. ಅವರಲ್ಲಿ ಛೇತ್ರಿಗಳಿದ್ದಾರೆ, ಬ್ರಾಹ್ಮಣರಿದ್ದಾರೆ, ಠಕುರಿಗಳಿದ್ದಾರೆ, ದಲಿತರಿದ್ದಾರೆ, ಥಾರುಗಳಿದ್ದಾರೆ. ಎಲ್ಲರನ್ನೂ ಬಹದ್ದೂರ್ ಎಂದು ಕರೆಯುವ ನಮಗೆ ಈ ವ್ಯತ್ಯಾಸ ತಿಳಿಯುವ ಸಂದರ್ಭವೇ ಬಂದಿಲ್ಲ.

ಈ ಜಿಲ್ಲೆಗಳಿಗೆ ಕಠ್ಮಂಡು ದಾರಿಯಲ್ಲಿ ಸಿಗುವುದೇ ಇಲ್ಲ. ಅದು ಪೂರ್ವಕ್ಕೆ, ಒಂದು ರಾತ್ರಿಯ ಬಸ್ ಪ್ರಯಾಣದ ದೂರದಲ್ಲಿದೆ. ಕಠ್ಮಂಡು ವಿಮಾನದ ಟಿಕೆಟ್ ತೆಗೆದುಕೊಟ್ಟು ಉಪಕಾರ ಮಾಡಿದೆವು ಎಂದುಕೊಳ್ಳುವ ಮಾಲೀಕರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು, ಆದರೆ ಅಛಾಮಿನವನಿಗೆ ಅದು ಸುತ್ತುದಾರಿ.

ಇನ್ನೂ ಒಂದು ಮಾತು. ನೇಪಾಳಿ ಮಾತಾಡುವವರೆಲ್ಲ ನೇಪಾಳದವರಲ್ಲ. ಡಾರ್ಜಿಲಿಂಗ್, ಕಾಲಿಂಪಾಂಗ್, ಸಿಕ್ಕಿಂ, ಅಸ್ಸಾಮಿನ ಲಕ್ಷಾಂತರ ಭಾರತೀಯರ ಮನೆಮಾತು ಅದು. 1992ರಲ್ಲಿ ಸಂವಿಧಾನದ 71ನೇ ತಿದ್ದುಪಡಿ ನಮ್ಮ ಕರಾವಳಿಯ ಕೊಂಕಣಿಯನ್ನು 8ನೇ ಪರಿಚ್ಛೇದಕ್ಕೆ ಸೇರಿಸಿದಾಗ ಜೊತೆಯಲ್ಲೇ ಸೇರಿದ ಭಾಷೆಗಳು ಮಣಿಪುರಿ ಮತ್ತು ನೇಪಾಳಿ. ಡಾರ್ಜಿಲಿಂಗಿನವರನ್ನು ನಿಮ್ಮ ದೇಶಕ್ಕೆ ಯಾವಾಗ ಹೋಗುತ್ತೀರಿ ಎಂದು ಕೇಳುವುದು ಅವರಿಗೆ ನೋವಾಗುವ ಪ್ರಶ್ನೆ. ಅವರು ತಮ್ಮ ದೇಶದಲ್ಲೇ ಇದ್ದಾರೆ.

ತಪ್ಪು ಕಲ್ಪನೆ: ಗಡಿಯೇ ಪ್ರಯಾಣದ ಕಷ್ಟದ ಭಾಗ. ಅದನ್ನು ದಾಟಿದರೆ ಮನೆ ಬಂದಂತೆ. ಹೋಗಿಬರಲು ಹತ್ತು ದಿನ ರಜೆ ಧಾರಾಳವಾಯಿತು.

ವಾಸ್ತವ: ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವ ತಪ್ಪು ಕಲ್ಪನೆ ಇದೇ. ಲೆಕ್ಕವನ್ನು ಬಿಡಿಸಿ ನೋಡೋಣ.

ದೂರಪಶ್ಚಿಮದವರು ದಾಟುವ ಮುಖ್ಯ ಗಡಿಗಳು ಮೂರು. ಉತ್ತರಾಖಂಡದ ಬನಬಸಾ ಆಚೆ ಗಡ್ಡಾಚೌಕಿ, ಉತ್ತರಪ್ರದೇಶದ ಗೌರಿಫಂಟಾ ಆಚೆ ಧನಗಢಿ, ಬಹರಾಯಿಚ್ ಜಿಲ್ಲೆಯ ರುಪೈಡಿಹಾ ಆಚೆ ನೇಪಾಳಗಂಜ್. ಬೆಂಗಳೂರಿನಿಂದ ರುಪೈಡಿಹಾಕ್ಕೆ ರಸ್ತೆಯಲ್ಲಿ ಸುಮಾರು 2,000 ಕಿ.ಮೀ., ಬನಬಸಾಕ್ಕೆ 2,200 ಕಿ.ಮೀ. ಮೀರುತ್ತದೆ. ಅನಂತಪುರ, ಕರ್ನೂಲು, ಹೈದರಾಬಾದ್, ಆದಿಲಾಬಾದ್, ನಾಗಪುರ, ಸಿವನಿ. ಅಲ್ಲಿಂದ ರುಪೈಡಿಹಾದ ಬಸ್ಸು ಜಬಲ್ಪುರ, ರೀವಾ, ಪ್ರಯಾಗರಾಜ್, ಲಖನೌ ಹಿಡಿದರೆ, ಬನಬಸಾಕ್ಕೆ ಹೋಗುವವರು ಝಾನ್ಸಿ, ಆಗ್ರಾ, ಬರೇಲಿ, ಪಿಲಿಭಿತ್ ಮೇಲೆ ಹೋಗುತ್ತಾರೆ. ಎರಡು ಮೂರು ರಾತ್ರಿ ಚಕ್ರದ ಮೇಲೆಯೇ ಕಳೆಯಬೇಕು. ಬಸ್ಸು ಢಾಬಾದಲ್ಲಿ ನಿಂತಾಗ ಊಟ, ನಿಂತಾಗಲೇ ಸ್ನಾನಶೌಚ. ಜೊತೆಯಲ್ಲಿ ಕೂಸಿದ್ದರೆ ಆ ತಾಯಿಯ ಪಾಡನ್ನು ಬರೆದು ತಿಳಿಸುವುದು ಕಷ್ಟ.

ಬನಬಸಾದಲ್ಲಿ ಬಸ್ಸು ಕೊನೆಯಾಗುತ್ತದೆ, ಪ್ರಯಾಣ ಮುಂದುವರಿಯುತ್ತದೆ. ಮುಂದಿರುವುದು ಶಾರದಾ ನದಿಗೆ ಬ್ರಿಟಿಷರ ಕಾಲದಲ್ಲಿ, 1928ರಲ್ಲಿ ಮುಗಿಸಿದ ಬ್ಯಾರೇಜ್. ನೇಪಾಳದಲ್ಲಿ ಈ ನದಿಯ ಹೆಸರು ಮಹಾಕಾಳಿ. ನೀರು ಹರಿಸಲು ಕಟ್ಟಿದ ಅದರ ಮೇಲಿನ ಇಕ್ಕಟ್ಟಾದ ರಸ್ತೆಯೇ ಗಡಿಯ ಹಾದಿ. ಎದುರುಬದುರು ವಾಹನ ಹಾಯುವಷ್ಟು ಅಗಲ ಅದಕ್ಕಿಲ್ಲ, ವಾಹನಗಳಿಗೆ ಹೊತ್ತು ಗೊತ್ತುಮಾಡಿ ಗೇಟು ತೆರೆಯುತ್ತಾರೆ. ಹಬ್ಬದ ದಿನಗಳಲ್ಲಿ ಜನ ಸಾಲುಗಟ್ಟಿ ನಡೆಯುತ್ತಾರೆ. ಬೆನ್ನಿಗೆ ಬ್ಯಾಗು, ತಲೆಯ ಮೇಲೆ ಸೂಟ್‌ಕೇಸು, ಕಂಕುಳಲ್ಲಿ ಹೊಸ ಕಂಬಳಿಯ ಪ್ಲಾಸ್ಟಿಕ್ ಚೀಲ, ಇನ್ನೊಂದು ಕೈಯಲ್ಲಿ ಮಗುವಿನ ಬೆರಳು. ಕೆಳಗೆ ಬ್ಯಾರೇಜಿನ ಬಾಗಿಲುಗಳಿಂದ ನೀರು ಭೋರ್ಗರೆಯುತ್ತಿರುತ್ತದೆ. ತಪಾಸಣೆಯಲ್ಲಿ ಚೀಲ ಬಿಚ್ಚಿ, ಮಡಿಸಿಟ್ಟ ಸೀರೆ ಕುರ್ತಾ ಎಲ್ಲ ಹೊರಗೆಳೆದು, ಮತ್ತೆ ತುಂಬಿಕೊಂಡು ಮುಂದಕ್ಕೆ ಹೋಗಬೇಕು. ಇಲ್ಲಿ ಗಡಿಯಾರವನ್ನು 15 ನಿಮಿಷ ಮುಂದಿಡಬೇಕು, ಭಾರತದ ಸಿಮ್ ಬದಲಿಗೆ ನೇಪಾಳದ ಸಿಮ್ ಹಾಕಬೇಕು. ಮನೆಯವರಿಗೆ ತಲುಪಿದೆ ಎಂದು ಹೇಳಬೇಕಾದ ಗಳಿಗೆಯಲ್ಲೇ ಫೋನು ಸತ್ತಿರುತ್ತದೆ.

ಅಲ್ಲಿಂದ ಮಹೇಂದ್ರ ಹೆದ್ದಾರಿ. ಪೂರ್ವದ ಕಾಕರಭಿಟ್ಟಾದಿಂದ ಪಶ್ಚಿಮದ ಗಡ್ಡಾಚೌಕಿವರೆಗೆ 1,028 ಕಿ.ಮೀ. ಹಾಸಿದ ರಸ್ತೆ ಇದು. ಅತ್ತರಿಯಾದಲ್ಲಿ ಉತ್ತರಕ್ಕೆ ತಿರುಗಿದರೆ ಬಯಲು ಮುಗಿದು ಬೆಟ್ಟ ಶುರು. ಡಡೇಲ್‌ಧುರಾವರೆಗೆ ತಿರುವೋ ತಿರುವು. ಅಲ್ಲಿಂದ ಡೋಟಿಯ ಸಿಲ್‌ಗಢಿ, ಅಛಾಮಿನ ಸಾಂಫೆಬಗರ್, ಬಾಜುರಾದ ಮಾರ್ತಡಿ. ಟಾರು ಮುಗಿದ ಮೇಲೆ ಜೀಪು, ಜೀಪು ನಿಂತ ಮೇಲೆ ಕಾಲುದಾರಿ. ನಕ್ಷೆಯಲ್ಲಿ ಗಡಿಯಿಂದ ಗೇಣುದ್ದ ಕಾಣುವ ಈ ಭಾಗಕ್ಕೆ ಒಂದು ಹಗಲು ಬೇಕು, ಒಮ್ಮೊಮ್ಮೆ ಒಂದು ರಾತ್ರಿಯೂ ಬೇಕು. ಅವರ ದಸರೆಯಾದ ದಶೈನ್ ಬರುವುದು ಮಳೆಗಾಲದ ಬಾಲದಲ್ಲಿ, ಬೆಟ್ಟಗಳು ನೀರುಂಡು ಸಡಿಲವಾಗಿರುವ ಹೊತ್ತಿನಲ್ಲಿ. 2024ರ ಜುಲೈಯಲ್ಲಿ ಚಿತ್ವನ್ ಜಿಲ್ಲೆಯ ಸಿಮಲ್‌ತಾಲ್‌ನಲ್ಲಿ ಗುಡ್ಡ ಜಾರಿ, 60ಕ್ಕೂ ಹೆಚ್ಚು ಜನರಿದ್ದ ಎರಡು ಬಸ್ಸುಗಳನ್ನು ತ್ರಿಶೂಲಿ ನದಿಗೆ ನೂಕಿತು. ಅದೇ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ, ದಶೈನ್‌ಗೆ ಕೆಲವೇ ದಿನ ಇರುವಾಗ ಸುರಿದ ಮಳೆ ಮಧ್ಯ ಮತ್ತು ಪೂರ್ವ ನೇಪಾಳದಲ್ಲಿ 200ಕ್ಕೂ ಹೆಚ್ಚು ಜೀವ ತೆಗೆದುಕೊಂಡಿತು. ರಸ್ತೆ ಕಡಿದರೆ ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ.

ಈಗ ಕೂಡಿಸಿ. ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ. ಹತ್ತು ದಿನ ರಜೆ ಪಡೆದವನಿಗೆ ಮನೆಯಲ್ಲಿ ಉಳಿಯಲು ಸಿಗುವುದು ಎರಡು ದಿನ. ಮೂರನೆಯ ದಿನಕ್ಕೆ ಇಲ್ಲಿಂದ ಫೋನು ಹೋಗುತ್ತದೆ: ಎಲ್ಲಿದ್ದೀಯ, ಇನ್ನೂ ಹೊರಡಲಿಲ್ಲವೇ?

ತಪ್ಪು ಕಲ್ಪನೆ: ಅವರು ಊರಿಗೆ ಹೋಗುವುದು ದಸರೆಗೆ ಮಾತ್ರ. ಬೇರೆ ಹೊತ್ತಿನಲ್ಲಿ ಕೇಳುವ ರಜೆ ನೆಪ.

ವಾಸ್ತವ: ದಶೈನ್ ದೊಡ್ಡ ಹಬ್ಬ ಹೌದು. ನಮ್ಮ ನವರಾತ್ರಿಯ ದಿನಗಳೇ ಅವರಿಗೂ. ಘಟಸ್ಥಾಪನೆಯಂದು ಬಿತ್ತಿದ ಜಮರಾದ ಮೊಳಕೆಯನ್ನು ವಿಜಯದಶಮಿಯಂದು ಹಿರಿಯರು ಕಿರಿಯರ ಮುಡಿಗಿಟ್ಟು ಹಣೆಗೆ ಟೀಕಾ ಹಚ್ಚುತ್ತಾರೆ. ಆದರೆ ದೂರಪಶ್ಚಿಮದವರಿಗೆ ಭಾದ್ರಪದದ ಆಸುಪಾಸಿನ ಗೌರಾ ಪರ್ವವೂ ಅಷ್ಟೇ ಮುಖ್ಯ. ಕೈ ಹಿಡಿದು ಸುತ್ತುಗಟ್ಟಿ ದೇವುಡಾ ಕುಣಿಯುವ ಹಬ್ಬ ಅದು. ನಮ್ಮ ಗೌರಿಹಬ್ಬದ ಹೊತ್ತಿಗೆ ನೇಪಾಳಿ ಹುಡುಗ ರಜೆ ಕೇಳಿದರೆ ನೆಪ ಹುಡುಕುತ್ತಿಲ್ಲ, ಅವನ ಮನೆಯಲ್ಲೂ ಗೌರಿ ಕೂರುತ್ತಾಳೆ. ಆಷಾಢದಲ್ಲಿ ಭತ್ತದ ನಾಟಿಯಿದೆ. ಗದ್ದೆಗೆ ಆಳಿಲ್ಲದಿದ್ದರೆ ವರ್ಷದ ಅನ್ನವೇ ಹೋಯಿತು. ಇದನ್ನು ಮಂಡ್ಯದವರಿಗೆ, ಗಂಗಾವತಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ತಪ್ಪು ಕಲ್ಪನೆ: ಒಳ್ಳೆಯ ದಿನ ನೋಡಿ, ದಿಕ್ಕಿನ ಶೂಲ ತಪ್ಪಿಸಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು ಹೊರಟರೆ ದಾರಿಯಲ್ಲಿ ಕೆಡುಕಾಗದು. ಮನೆ ಬಿಟ್ಟ ಒಂಬತ್ತನೇ ದಿನ ಮಾತ್ರ ಮರಳಿ ಮನೆ ಸೇರಬಾರದು.

ವಾಸ್ತವ: ಈ ನಂಬಿಕೆ ನೇಪಾಳದಲ್ಲೂ ಇದೆ, ನಮ್ಮಲ್ಲೂ ಇದೆ. ಒಂಬತ್ತನೇ ದಿನದ ಭಯವಂತೂ ಎರಡೂ ಕಡೆ ಒಂದೇ. ಇದನ್ನು ಹೀಗಳೆಯುವ ಮನಸ್ಸು ನಮಗಿಲ್ಲ. ದೂರ ಹೊರಟವರ ಮನೆಯಲ್ಲಿ ಉಳಿದವರಿಗೆ ಆತಂಕ ಇದ್ದೇ ಇರುತ್ತದೆ, ನಿಂಬೆಹಣ್ಣು ಅದಕ್ಕೊಂದು ಸಮಾಧಾನ. ಆದರೆ ಆ ಸಮಾಧಾನ ಮುಗಿಯುವಲ್ಲಿ ಕೇಳಬೇಕಾದ ಪ್ರಶ್ನೆಗಳು ಶುರುವಾಗುತ್ತವೆ. ಬಸ್ಸಿಗೆ ಇನ್ನೊಬ್ಬ ಡ್ರೈವರ್ ಇದ್ದಾನೆಯೇ? ಹಿಂದಿನ ರಾತ್ರಿ ಈ ಡ್ರೈವರ್ ಮಲಗಿದ್ದನೇ?

ನಿದ್ದೆಗೆಟ್ಟ ದೇಹ ಬೆಳಗಿನ ಜಾವ ಎರಡರಿಂದ ಐದರ ನಡುವೆ ತಾನೇ ಸೋಲುತ್ತದೆ. ಕಣ್ಣು ತೆರೆದಿದ್ದರೂ ಮಿದುಳು ಕೆಲವು ಕ್ಷಣ ಮಂಕಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದ ಬಸ್ಸು ಮೂರು ಸೆಕೆಂಡಿನಲ್ಲಿ 60 ಮೀಟರಿಗೂ ಹೆಚ್ಚು ಹೋಗಿರುತ್ತದೆ. ರಾಹುಕಾಲದಲ್ಲಿ ಹೊರಟ ಬಸ್ಸಿಗೂ ಅಮೃತಘಳಿಗೆಯಲ್ಲಿ ಹೊರಟ ಬಸ್ಸಿಗೂ ಈ ಲೆಕ್ಕ ಒಂದೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಡ್ರೈವರನಿಗೆ ದಿನಕ್ಕೆ ಎಂಟು ಗಂಟೆಯ ಕೆಲಸವನ್ನು, ಐದು ಗಂಟೆ ಓಡಿಸಿದ ಮೇಲೆ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿಯನ್ನು ಗೊತ್ತುಮಾಡಿದ್ದು ಇದಕ್ಕಾಗಿಯೇ. ದಿನ ನೋಡುವುದರಿಂದ ಇನ್ನೊಂದು ತೊಡಕೂ ಉಂಟು. ಎಲ್ಲರೂ ಅದೇ ಒಳ್ಳೆಯ ದಿನ ಹೊರಟರೆ ಬಸ್ಸು ಕಿಕ್ಕಿರಿಯುತ್ತದೆ, ಟಿಕೆಟ್ ದರ ಏರುತ್ತದೆ, ನಡುವಿನ ಹಾದಿಯಲ್ಲಿ ಸ್ಟೂಲು ಹಾಕಿ ಜನರನ್ನು ಕೂರಿಸುತ್ತಾರೆ. ಒಳ್ಳೆಯ ದಿನವೇ ದಾರಿಯ ಅಪಾಯವನ್ನು ಹೆಚ್ಚಿಸಿದಂತಾಯಿತು.

ತಪ್ಪು ಕಲ್ಪನೆ: ದುಡಿದ ಹಣವನ್ನು ನಗದಾಗಿ ಮೈಮೇಲೆ ಕಟ್ಟಿಕೊಂಡು ಹೋಗುವುದೇ ಕ್ಷೇಮ. ಭಾರತದ ನೋಟು ನೇಪಾಳದಲ್ಲಿ ಎಲ್ಲ ಕಡೆ ನಡೆಯುತ್ತದೆ.

ವಾಸ್ತವ: ಭಾರತದ ಒಂದು ರೂಪಾಯಿಗೆ ನೇಪಾಳದ 1.60 ರೂಪಾಯಿ. 1993ರಿಂದ ಈ ದರ ಕದಲಿಲ್ಲ, ಅದರಿಂದಾಗಿ ನಮ್ಮ ಹಣ ಅಲ್ಲಿ ಸಲೀಸು ಎಂಬ ಭಾವನೆ ಬಲವಾಗಿದೆ. ನೂರರ ನೋಟಿನ ಮಟ್ಟಿಗೆ ಅದು ಸರಿ. ದೊಡ್ಡ ನೋಟುಗಳ ಕಥೆಯೇ ಬೇರೆ. 2016ರ ನವೆಂಬರ್ 8ರ ರಾತ್ರಿ 500, 1,000ದ ನೋಟುಗಳು ರದ್ದಾದಾಗ ನೇಪಾಳದ ಬೆಟ್ಟದ ಮನೆಗಳಲ್ಲಿ ಪೆಟ್ಟಿಗೆಯೊಳಗಿದ್ದ ಭಾರತದ ನೋಟುಗಳೂ ಅದೇ ರಾತ್ರಿ ಕಾಗದವಾದವು. ಇಲ್ಲಿನಂತೆ ಬ್ಯಾಂಕಿಗೆ ಹೋಗಿ ಬದಲಿಸಿಕೊಳ್ಳುವ ಅವಕಾಶ ಅವರಿಗಿರಲಿಲ್ಲ. 2018ರ ಡಿಸೆಂಬರಿನಲ್ಲಿ ನೇಪಾಳ ಸರ್ಕಾರ 100ಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತು. ಎರಡೂ ಕಡೆ ಈ ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರ ವಿಚಾರಿಸಿ, ಕೈಖರ್ಚಿಗೆ ನೂರರ ನೋಟನ್ನೇ ಇಟ್ಟುಕೊಳ್ಳುವುದು ಜಾಣತನ.

ಒಳಅಂಗಿಗೆ ಜೇಬು ಹೊಲಿಸಿ, ಸಾಕ್ಸಿನೊಳಗೆ ಮಡಿಸಿ ಹಣ ಒಯ್ಯುವ ರೂಢಿ ಹಳೆಯದು. ಕಳ್ಳರಿಗೂ ಅದು ಹಳೆಯದೇ. ಹಬ್ಬಕ್ಕೆ ಹೋಗುವ ನೇಪಾಳಿಯ ಮೈಮೇಲೆ ವರ್ಷದ ಉಳಿತಾಯವಿದೆ ಎಂದು ಎಲ್ಲರಿಗೂ ಗೊತ್ತು. ಸ್ನೇಹ ಬೆಳೆಸಿ, ಮತ್ತಿನ ಔಷಧ ಬೆರೆಸಿದ ಚಹಾ, ಬಿಸ್ಕತ್ತು ಕೊಟ್ಟು ದೋಚುವ ಕೃತ್ಯ ಉತ್ತರ ಭಾರತದ ಬಸ್ಸು, ರೈಲುಗಳಲ್ಲಿ ಹೊಸದಲ್ಲ. ಎಚ್ಚರವಾದಾಗ ಚೀಲವಿರುವುದಿಲ್ಲ, ನಾಗರಿಕತಾ ಪತ್ರವೂ ಹೋಗಿರುತ್ತದೆ.

ಬೇರೆ ದಾರಿ 2008ರಿಂದಲೇ ಇದೆ. ಭಾರತ–ನೇಪಾಳ ಹಣ ರವಾನೆ ಸೌಲಭ್ಯ ಎಂದು ರಿಸರ್ವ್ ಬ್ಯಾಂಕ್ ಶುರು ಮಾಡಿದ್ದು. ನೆಫ್ಟ್ ಸೌಲಭ್ಯವಿರುವ ಬ್ಯಾಂಕ್ ಶಾಖೆಯಿಂದ ಸ್ಟೇಟ್ ಬ್ಯಾಂಕ್ ಮೂಲಕ ಹಣ ನೇಪಾಳ ತಲುಪುತ್ತದೆ. 2021ರ ಅಕ್ಟೋಬರಿನಿಂದ ಒಮ್ಮೆಗೆ 2 ಲಕ್ಷ ರೂಪಾಯಿವರೆಗೆ ಕಳಿಸಬಹುದು. ಖಾತೆಯಿಲ್ಲದವರೂ ನಗದು ಕಟ್ಟಿ 50,000 ರೂಪಾಯಿವರೆಗೆ, ವರ್ಷಕ್ಕೆ 12 ಬಾರಿ ಕಳಿಸಬಹುದು. ಬ್ಯಾಂಕಿನ ಕೌಂಟರಿನಲ್ಲಿ ಈ ಸೌಲಭ್ಯದ ಹೆಸರು ಹೇಳಿ ಕೇಳುವವರೇ ಕಡಿಮೆ. ಮನೆಕೆಲಸದವರ ಜೊತೆ ಬ್ಯಾಂಕಿಗೆ ಹೋಗಿ ಒಂದು ಗಂಟೆ ಕೂತು ಇದನ್ನು ಮಾಡಿಸಿಕೊಡುವುದು ನಮ್ಮಲ್ಲಿ ಯಾರಿಗೂ ಭಾರವಾಗದು.

ತಪ್ಪು ಕಲ್ಪನೆ: ಗಡಿ ತೆರೆದಿರುವುದರಿಂದ ಇಲ್ಲಿ ಕೊಂಡ ಟಿ.ವಿ., ಮಿಕ್ಸಿ, ಬೈಕು ಎಲ್ಲವನ್ನೂ ಮನೆಗೆ ಒಯ್ಯಬಹುದು.

ವಾಸ್ತವ: ಮನುಷ್ಯರ ಓಡಾಟಕ್ಕೆ ತೆರೆದ ಗಡಿ ಸಾಮಾನಿಗೆ ತೆರೆದಿಲ್ಲ. ನೇಪಾಳದ ಕಡೆ ಭನ್ಸಾರ್, ಅಂದರೆ ಸುಂಕದ ಕಟ್ಟೆ ಇದೆ. ಸ್ವಂತಕ್ಕೆ ಬಳಸಿದ ಬಟ್ಟೆಬರೆಗೆ ತಕರಾರಿಲ್ಲ, ಪೆಟ್ಟಿಗೆ ಬಿಚ್ಚದ ಹೊಸ ವಸ್ತುವಿಗೆ ಸುಂಕ ಕೇಳುತ್ತಾರೆ. 2023ರಲ್ಲಿ 100 ನೇಪಾಳಿ ರೂಪಾಯಿ ಮೀರಿದ ಸಾಮಾನಿಗೂ ಸುಂಕ ಎಂಬ ನಿಯಮವನ್ನು ಬಿಗಿ ಮಾಡಿದಾಗ ಗಡಿಜಿಲ್ಲೆಗಳ ಜನ ಸಿಟ್ಟಿಗೆದ್ದರು. ನಮ್ಮ ಲೆಕ್ಕದಲ್ಲಿ ಅದು 62 ರೂಪಾಯಿ 50 ಪೈಸೆ. ಬೈಕಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೆಎ ನಂಬರಿನ ಗಾಡಿಯಲ್ಲಿ ಊರಿಗೆ ಹೋಗಿ ತಮ್ಮನಿಗೆ ಕೊಟ್ಟು ಬರುತ್ತೇನೆ ಎಂದು ಹೊರಡುವ ಹುಡುಗರಿದ್ದಾರೆ. ಭಾರತದ ನೋಂದಣಿಯ ವಾಹನಕ್ಕೆ ದಿನದ ಲೆಕ್ಕದಲ್ಲಿ ಸುಂಕ ಕಟ್ಟಬೇಕು, ವರ್ಷಕ್ಕೆ 30 ದಿನದ ಮಿತಿಯಿದೆ. ಅವಧಿ ಮೀರಿದರೆ ದಂಡ, ಗಾಡಿ ಜಪ್ತಿಯೂ ಆಗಬಹುದು.

ತಪ್ಪು ಕಲ್ಪನೆ: ಈ ಗಡಿಯನ್ನು ಯಾರೂ ಮುಚ್ಚುವುದಿಲ್ಲ. ಇಲ್ಲವೇ, ವಾಟ್ಸಾಪಿನಲ್ಲಿ ಬಂದ ಹಾಗೆ, ಇವತ್ತು ರಾತ್ರಿಯಿಂದಲೇ ಶಾಶ್ವತವಾಗಿ ಮುಚ್ಚುತ್ತಾರೆ.

ವಾಸ್ತವ: ಗಡಿ ಮುಚ್ಚಿದ್ದುಂಟು, ತೆರೆದದ್ದೂ ಉಂಟು. 2020ರ ಮಾರ್ಚ್ ಕೊನೆಯಲ್ಲಿ ಎರಡೂ ದೇಶಗಳು ಲಾಕ್‌ಡೌನ್ ಘೋಷಿಸಿದಾಗ ಮನೆಗೆ ಹೊರಟಿದ್ದ ನೂರಾರು ನೇಪಾಳಿಗಳು ಧಾರ್ಚುಲಾದ ತೂಗುಸೇತುವೆಯ ಈಚೆ ಸಿಕ್ಕಿಕೊಂಡರು. ಎದುರು ದಡದಲ್ಲಿ ತಮ್ಮ ದೇಶ ಕಾಣುತ್ತಿತ್ತು, ಸೇತುವೆಗೆ ಬೀಗ ಬಿದ್ದಿತ್ತು. ಕೆಲವು ಯುವಕರು ಮಹಾಕಾಳಿಗೆ ಧುಮುಕಿ ಈಜಿ ದಾಟಿದರು. ದಾಟಿದವರನ್ನು ಆಚೆ ದಡದಲ್ಲಿ ಪೊಲೀಸರು ಹಿಡಿದರು. ಹಿಮಾಲಯದ ನೀರಿನ ಚಳಿಗೆ, ಸೆಳೆತಕ್ಕೆ ಮೈಯೊಡ್ಡಿದ್ದು ಸ್ವಂತ ಮನೆಗೆ ಹೋಗಲು. ತೆರೆದ ಗಡಿ ಎಂಬ ಮಾತನ್ನು ಆಡುವಾಗಲೆಲ್ಲ ಇದನ್ನು ನೆನೆಯಬೇಕು ಎಂದು ನಮಗನಿಸುತ್ತದೆ.

2015ರ ಸೆಪ್ಟೆಂಬರಿನಲ್ಲಿ ನೇಪಾಳದ ಹೊಸ ಸಂವಿಧಾನ ಬಂದ ಬೆನ್ನಿಗೆ ಗಡಿಯಲ್ಲಿ ಸರಕು ಸಾಗಣೆ ತಿಂಗಳುಗಟ್ಟಲೆ ನಿಂತಿತು. ಜನ ನಡೆದು ದಾಟಬಹುದಿತ್ತು, ಆದರೆ ಆಚೆ ಬಸ್ಸಿಗೆ ಡೀಸೆಲ್ ಇರಲಿಲ್ಲ. 2025ರ ಸೆಪ್ಟೆಂಬರ್ 8 ಮತ್ತು 9ರಂದು ಯುವಜನರ ಪ್ರತಿಭಟನೆ ನೇಪಾಳದ ಸರ್ಕಾರವನ್ನೇ ಉರುಳಿಸಿದಾಗ ಕೆಲವು ದಿನ ಗಡಿಗಳಲ್ಲಿ ಬಿಗಿಯಿತ್ತು. ದಶೈನ್‌ನ ಘಟಸ್ಥಾಪನೆ ಸೆಪ್ಟೆಂಬರ್ 22ಕ್ಕೆ ಇತ್ತು. ಹೋಗುವುದೋ ಬಿಡುವುದೋ ಎಂಬ ತಳಮಳದ ನಡುವೆಯೇ ಜನ ಹೊರಟರು. ಹೀಗೆ ಆಗಾಗ ತೊಡಕು ಬರುತ್ತದೆ, ಆದ್ದರಿಂದ ವದಂತಿಗೆ ಕಿವಿಗೊಡುವವರನ್ನು ದಡ್ಡರೆನ್ನಲಾಗದು. ಊರಿನಲ್ಲಿರುವವರಿಗೋ ಗಡಿಯ ಅಂಗಡಿಯವರಿಗೋ ಒಂದು ಫೋನು ಮಾಡಿದರೆ ಫಾರ್ವರ್ಡ್ ಆದ ಹತ್ತು ಸಂದೇಶಗಳಿಗಿಂತ ಗಟ್ಟಿಯಾದ ಸುದ್ದಿ ಸಿಗುತ್ತದೆ.

ತಪ್ಪು ಕಲ್ಪನೆ: ಊರಿಗೆ ಹೋದ ನೇಪಾಳಿ ಮರಳಿ ಬರುವುದಿಲ್ಲ. ಗಡಿ ದಾಟಿದರೆ ಹಿಡಿಯುವವರಿಲ್ಲ. ಅದಕ್ಕೆ ಒಂದು ತಿಂಗಳ ಸಂಬಳವನ್ನೋ ಮೂಲ ದಾಖಲೆಯನ್ನೋ ಕೈಯಲ್ಲಿಟ್ಟುಕೊಳ್ಳಬೇಕು.

ವಾಸ್ತವ: ಮನೆಗಳ್ಳತನದ ಪ್ರಕರಣಗಳಲ್ಲಿ ನೇಪಾಳ ಮೂಲದವರು ಸಿಕ್ಕಿಬಿದ್ದ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಬಂದಿದೆ. ಅದನ್ನು ಅಲ್ಲಗಳೆಯುತ್ತಿಲ್ಲ. ಹೊಸಬರನ್ನು ಕೆಲಸಕ್ಕೆ ಸೇರಿಸುವಾಗ ಪೊಲೀಸ್ ಪರಿಶೀಲನೆ ಮಾಡಿಸುವುದು ಸರಿಯೇ. ಆದರೆ ಗಡಿಯಾಚೆ ಕಾನೂನಿಲ್ಲ ಎಂಬುದು ಸುಳ್ಳು. 1953ರಿಂದಲೇ ಎರಡು ದೇಶಗಳ ನಡುವೆ ಆರೋಪಿಗಳ ಹಸ್ತಾಂತರ ಒಪ್ಪಂದವಿದೆ. ಕೆಲವರ ತಪ್ಪಿಗೆ ವರ್ಷಗಟ್ಟಲೆ ನಮ್ಮ ಮನೆಯ ಬೀಗದ ಕೈ ಕಾಯ್ದವರನ್ನು ಹಬ್ಬಕ್ಕೆ ಹೊರಟ ದಿನ ಓಡಿಹೋಗುವವರಂತೆ ನೋಡುವುದು ಅನ್ಯಾಯ.

ಸಂಬಳ ತಡೆಹಿಡಿಯುವವರು ಇದನ್ನು ಭದ್ರತೆ ಎನ್ನುತ್ತಾರೆ. ದುಡಿದಾದ ಮೇಲೆ ಆ ಹಣ ದುಡಿದವರದ್ದು. ಅದನ್ನು ಹಿಡಿದಿಟ್ಟರೆ ಆಗುವುದೇನು? ಕೈಯಲ್ಲಿ ಹಣ ಸಾಲದೆ ಕಡಿಮೆ ದರದ ಕಿಕ್ಕಿರಿದ ಬಸ್ಸು ಹತ್ತುತ್ತಾರೆ, ದಾರಿಯಲ್ಲಿ ಊಟ ಬಿಡುತ್ತಾರೆ, ಸಾಲ ಮಾಡಿ ಹಬ್ಬ ಮಾಡುತ್ತಾರೆ. ನಾಗರಿಕತಾ ಪತ್ರವನ್ನು ಇಟ್ಟುಕೊಂಡರೆ ಗಡಿಯಲ್ಲಿ ತೋರಿಸಬೇಕಾದ ಒಂದೇ ಕಾಗದವನ್ನು ಕಿತ್ತುಕೊಂಡಂತೆ. ಇನ್ನೊಂದು ಸಂಗತಿ ನಮಗೆ ಬಹಳ ದಿನ ತಿಳಿದಿರಲಿಲ್ಲ. ಕೊಲ್ಲಿ ದೇಶಗಳಿಗೋ ಮಲೇಷ್ಯಾಕ್ಕೋ ಹೋಗುವ ನೇಪಾಳಿ ತನ್ನ ಸರ್ಕಾರದಿಂದ ಶ್ರಮ ಸ್ವೀಕೃತಿ ಪಡೆಯಬೇಕು. ಅದರ ಜೊತೆಗೆ ವಿಮೆ, ಕಲ್ಯಾಣನಿಧಿ ಬರುತ್ತವೆ. ಭಾರತಕ್ಕೆ ಬರಲು ಆ ಸ್ವೀಕೃತಿ ಬೇಕಿಲ್ಲ. ಹಾಗಾಗಿ ಆ ರಕ್ಷಣೆಯೂ ಇಲ್ಲ. ದಾರಿಯಲ್ಲಿ ಕಾಲು ಮುರಿದರೆ ಕೇಳುವವರು ಜೊತೆಯ ಪ್ರಯಾಣಿಕರು ಮಾತ್ರ.

ತಪ್ಪು ಕಲ್ಪನೆ: ರೈಲಿದ್ದರೂ ಅವರು ಬಸ್ಸನ್ನೇ ಹಿಡಿಯುತ್ತಾರೆ. ಅವರಿಗೆ ಅದೇ ರೂಢಿ.

ವಾಸ್ತವ: ಗೋರಖ್‌ಪುರಕ್ಕೋ ಲಖನೌಗೋ ದೆಹಲಿಗೋ ರೈಲಿನಲ್ಲಿ ಮಲಗಿ ಹೋಗುವುದು ಬಸ್ಸಿಗಿಂತ ಅಗ್ಗ, ಸುರಕ್ಷಿತ. ಇದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಟಿಕೆಟ್ ಸಿಗುವುದಿಲ್ಲ, ಅಷ್ಟೇ. 2024ರ ನವೆಂಬರ್ 1ರಿಂದ ರೈಲ್ವೆಯ ಮುಂಗಡ ಬುಕಿಂಗ್ ಅವಧಿ 60 ದಿನ. ಹಬ್ಬದ ದಿನಗಳ ಸೀಟುಗಳು ಬಾಗಿಲು ತೆರೆದ ಕೂಡಲೇ ಮುಗಿಯುತ್ತವೆ. ರಜೆ ಖಚಿತವಾಗುವುದು ಹೊರಡುವ ವಾರದಲ್ಲಿ. ತತ್ಕಾಲ್ ಇದೆಯಲ್ಲ ಎನ್ನಬಹುದು. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯ. ಆಧಾರ್ ಇಲ್ಲದವರು ಏಜೆಂಟರ ಬಳಿ ಹೋಗುತ್ತಾರೆ, ಏಜೆಂಟರಿಗೆ ಮೊದಲ ಅರ್ಧ ಗಂಟೆ ಬುಕ್ ಮಾಡುವ ಅವಕಾಶವಿಲ್ಲ. ಅಷ್ಟರಲ್ಲಿ ಸೀಟು ಖಾಲಿ. ಉಳಿಯುವುದು ಜನರಲ್ ಬೋಗಿ ಅಥವಾ ಖಾಸಗಿ ಬಸ್ಸು.

ಸಡಿಲಿಸಬಹುದಾದ ಒಂದು ಗಂಟು ನಮ್ಮ ಕೈಯಲ್ಲೇ ಇದೆ. ವಿಜಯದಶಮಿ ಯಾವತ್ತು ಎಂಬುದು ಯುಗಾದಿಯ ಪಂಚಾಂಗದಲ್ಲೇ ಅಚ್ಚಾಗಿರುತ್ತದೆ. ಅಪಾರ್ಟ್‌ಮೆಂಟ್ ಸಮಿತಿಯವರು, ಹೋಟೆಲ್ ಮಾಲೀಕರು, ಸೆಕ್ಯುರಿಟಿ ಏಜೆನ್ಸಿಯವರು ಶ್ರಾವಣದಲ್ಲೇ ಕೂತು ಯಾರು ಯಾವಾಗ ಹೋಗುವುದು ಎಂದು ಪಟ್ಟಿ ಮಾಡಿ, ದಾರಿಯ ದಿನಗಳನ್ನೂ ಲೆಕ್ಕಕ್ಕೆ ಹಿಡಿದು ರಜೆ ಕೊಟ್ಟು, ತಿಂಗಳ ಸಂಬಳವನ್ನು ಪೂರ್ತಿ ಕೈಗೆ ಕೊಟ್ಟು, ಬುಕಿಂಗ್ ತೆರೆಯುವ ದಿನ ಬೆಳಿಗ್ಗೆ ಎಂಟಕ್ಕೆ ತಮ್ಮದೇ ಫೋನಿನಿಂದ ಟಿಕೆಟ್ ತೆಗೆದುಕೊಟ್ಟರೆ, ಅಛಾಮಿನ ಮನೆಯಲ್ಲಿ ಎರಡು ದಿನದ ಬದಲು ಹತ್ತು ದಿನ ಇದ್ದು ಬರಬಹುದು.